ಕಾಣದ ತಡೆಯ ಅಳತೆ

ಸಂಜೆಯ ಹೊತ್ತು ದೀಪದ ಕೆಳಗೆ ಕುಳಿತು ನೀವು ಏನನ್ನೋ ಓದುತ್ತಿದ್ದೀರಿ. ಪಕ್ಕದ ತೋಟದಲ್ಲಿ ಯಾರೋ ಪಂಪ್‌ಸೆಟ್ಟಿನ ಗುಂಡಿ ಒತ್ತುತ್ತಾರೆ. ನಿಮ್ಮದು ಹಳೆಯ ಕಾಲದ ತಂತಿಬಲ್ಬಾಗಿದ್ದರೆ ಪುಟದ ಮೇಲಿನ ಬೆಳಕು ಒಮ್ಮೆ ಕುಗ್ಗಿ ಮತ್ತೆ ಸಾವರಿಸಿಕೊಳ್ಳುತ್ತದೆ. ಬಲ್ಬಿನಲ್ಲಿ ದೋಷವಿಲ್ಲ, ಪಂಪಿನಲ್ಲಿಯೂ ಇಲ್ಲ. ಎರಡಕ್ಕೂ ಒಂದೇ ಕಂಬದ ತಂತಿ, ಒಂದೇ ಟ್ರಾನ್ಸ್‌ಫಾರ್ಮರ್. ಮೋಟರು ಹೊರಡುವ ಕ್ಷಣದಲ್ಲಿ ಎಳೆದುಕೊಂಡ ಭಾರಿ ಪ್ರವಾಹವು ಆ ತಂತಿಯನ್ನು ಹಾದು ಬರುವಾಗ ವೋಲ್ಟೇಜಿನ ಒಂದು ಪಾಲು ದಾರಿಯಲ್ಲಿಯೇ ಖರ್ಚಾಗಿ, ಉಳಿದದ್ದು ಮಾತ್ರ ನಿಮ್ಮ ದೀಪಕ್ಕೆ ತಲಪುತ್ತದೆ.

ವಿದ್ಯುತ್ತನ್ನು ಕೊಡುವ ಸಾಧನ ಯಾವುದೇ ಆಗಲಿ, ಅದರ ಸ್ವಭಾವ ಇದೇ. ಟಾರ್ಚಿನ ಸೆಲ್ಲು, ಸೈಕಲ್ಲಿನ ಡೈನಮೋ, ಸಂಗೀತ ಕೇಳಿಸುವ ಆಂಪ್ಲಿಫೈಯರ್, ಎಲ್ಲವೂ ನಾವು ಹೆಚ್ಚು ಪ್ರವಾಹವನ್ನು ಬೇಡಿದಷ್ಟೂ ವೋಲ್ಟೇಜನ್ನು ಇಳಿಸುತ್ತವೆ. ಅವುಗಳ ಒಡಲಿನಲ್ಲಿ ಒಂದು ರೋಧ ಅಡಗಿ ಕುಳಿತಿದೆಯೋ ಎಂಬಂತೆ ವರ್ತಿಸುತ್ತವೆ. ಇದನ್ನು ಇಂಜಿನಿಯರರು ಔಟ್‌ಪುಟ್ ಇಂಪೀಡೆನ್ಸ್ ಎನ್ನುತ್ತಾರೆ. ಈ ಭಾಷಣದ ಅನುಕೂಲಕ್ಕಾಗಿ ನಾನು ಅದನ್ನು ಒಳತಡೆ ಎಂದು ಕರೆಯುತ್ತೇನೆ. ಅದರ ಮಾನ ಓಮ್. ಆಂಪ್ಲಿಫೈಯರಿನ ಒಳತಡೆಯನ್ನು ಅಳೆಯುವ ಬಗೆ ಹೇಗೆ, ಅಳೆದು ಬರುವ ಲಾಭವೇನು ಎಂಬುದನ್ನು ಹೇಳಲು ನನಗೆ ಒಂದು ಸಂಗೀತ ಸಭೆಯ ಪ್ರಸಂಗವೇ ನೆರವಾಗುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಭೌತಶಾಸ್ತ್ರದ ಪಾಠ ಹೇಳುತ್ತಿದ್ದ ಊರಿನ ಸಂಗೀತ ಸಭೆಯ ಕಾರ್ಯದರ್ಶಿಗಳು ಒಂದು ಬೆಳಿಗ್ಗೆ ಮನೆಗೆ ಬಂದರು. ಸಭೆಯಲ್ಲಿ ಹಳೆಯದೊಂದು ವಾಲ್ವ್ ಆಂಪ್ಲಿಫೈಯರ್ ಇತ್ತು. ದಿವಂಗತ ದಾನಿಯೊಬ್ಬರ ಕಾಣಿಕೆಯಾದುದರಿಂದ ಅದನ್ನು ಬದಲಿಸುವ ಮಾತನ್ನು ಸಮಿತಿಯಲ್ಲಿ ಯಾರೂ ಎತ್ತುವಂತಿರಲಿಲ್ಲ.

"ಮೇಷ್ಟ್ರೇ, ಮೃದಂಗ ನುಡಿಸಿದರೆ ಖಾಲಿ ಹಂಡೆ ಬಡಿದ ಹಾಗೆ ಕೇಳುತ್ತೆ. ಹಾಡುವವರ ಸಾಹಿತ್ಯವೇ ತಿಳಿಯೋದಿಲ್ಲ. ಚಂದಾ ಎತ್ತಿ ಒಂದಲ್ಲ, ಎರಡು ಸಲ ಸ್ಪೀಕರ್ ಬದಲಾಯಿಸಿದೆವು. ರಾಮೋತ್ಸವಕ್ಕೆ ಇನ್ನು ಹದಿನೈದು ದಿನವೂ ಇಲ್ಲ. ಮೂರನೇ ಸಲ ಚಂದಾ ಕೇಳೋದಕ್ಕೆ ನನಗಂತೂ ಮುಖವಿಲ್ಲ" ಎಂದರು ಅವರು.

ಜೊತೆಗೆ ಬಂದಿದ್ದ ಮೈಕ್‌ಸೆಟ್ಟಿನ ಹುಡುಗ ಆಂಪ್ಲಿಫೈಯರಿನ ಪಕ್ಷ ವಹಿಸಿದ. "ಅದರಲ್ಲಿ ಏನೂ ತೊಂದರೆ ಇಲ್ಲ ಸಾರ್. ಹೋದ ವರ್ಷ ರಿಪೇರಿ ಆದ ಮೇಲಂತೂ ಬಲ ಜಾಸ್ತಿಯಾಗಿದೆ. ಮೊದಲು ವಾಲ್ಯೂಮ್ ಆರಕ್ಕೆ ಇಡಬೇಕಿತ್ತು, ಈಗ ಎರಡಕ್ಕೇ ಸಾಕು. ಔಟ್‌ಪುಟ್ಟೂ ಎಂಟು ಓಮು, ಸ್ಪೀಕರೆಲ್ಲಾ ಸೇರಿ ಅದೂ ಎಂಟು ಓಮು. ಮ್ಯಾಚಿಂಗ್ ಸರಿಯಾಗಿದೆ."

ಆ ಹುಡುಗನ ಮಾತಿನಲ್ಲಿ ರೋಗದ ಸಂಪೂರ್ಣ ವಿವರ ಅಡಗಿತ್ತು. ನನಗೆ ಆಗ ಹೊಳೆಯಲಿಲ್ಲ, ಅಷ್ಟೆ.

ಮೊದಲು ಆ "ಎಂಟು ಓಮ್" ಎಂಬ ಮಾತನ್ನು ವಿಚಾರಿಸೋಣ. ಆಂಪ್ಲಿಫೈಯರಿನ ಬೆನ್ನಿನ ಮೇಲೆ, ತಂತಿ ಕಟ್ಟುವ ತಿರುಪುಗಳ ಪಕ್ಕದಲ್ಲಿ, 4, 8, 16 ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಇದು ಯಂತ್ರದ ಒಳತಡೆ ಎಂದು ಬಹಳ ಮಂದಿ ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಯಂತ್ರದ ಗುಣವನ್ನು ಹೇಳುವ ಅಂಕಿಯೇ ಅಲ್ಲ. "ಇಲ್ಲಿಗೆ 8 ಓಮಿನ ಸ್ಪೀಕರನ್ನು ಕಟ್ಟು" ಎಂಬ ಸೂಚನೆ ಅದು. ವಾಲ್ವುಗಳು ಕೆಲವು ಸಾವಿರ ಓಮಿನ ಹೊರೆಯನ್ನು ಕಂಡಾಗ ಮಾತ್ರ ಚೆನ್ನಾಗಿ ದುಡಿಯುತ್ತವೆ. ಸ್ಪೀಕರಾದರೋ ಬರಿಯ 8 ಓಮ್. ನಡುವೆ ನಿಂತು ಈ ಇಬ್ಬರಿಗೂ ಹೊಂದಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಅದರ ಸುತ್ತುಗಳ ಪ್ರಮಾಣ 30ಕ್ಕೆ 1 ಎಂದಿಟ್ಟುಕೊಳ್ಳಿ. 30ರ ವರ್ಗ 900. ಆದುದರಿಂದ ಹೊರಗೆ ಕಟ್ಟಿದ 8 ಓಮ್ ವಾಲ್ವುಗಳ ಕಣ್ಣಿಗೆ 7200 ಓಮಾಗಿ ಕಾಣುತ್ತದೆ. ಬೆನ್ನಿನ ಮೇಲಿನ ಬರಹದ ಅರ್ಥ ಇಷ್ಟೇ. ಅಂಥ ಯಂತ್ರದ ಒಳತಡೆ ಅರ್ಧ ಓಮ್ ಇರಬಹುದು, 40 ಓಮೂ ಇರಬಹುದು. ಬರಹದಿಂದ ಅದು ತಿಳಿಯುವುದಿಲ್ಲ.

"ಮ್ಯಾಚಿಂಗ್" ಎಂಬ ಮಾತು ಬಂದದ್ದು ದೂರವಾಣಿ ತಂತಿಗಳ ಲೋಕದಿಂದ. ಕೊಡುವವನ ಒಳತಡೆಗೆ ಸಮನಾದ ಹೊರೆಯನ್ನು ಕಟ್ಟಿದರೆ ಹೊರೆಗೆ ಗರಿಷ್ಠ ಶಕ್ತಿ ಸಲ್ಲುತ್ತದೆ ಎಂಬುದು ನಿಜ. ಆದರೆ ಆಗ ಅಷ್ಟೇ ಶಕ್ತಿ ಕೊಡುವವನ ಒಡಲಿನಲ್ಲಿಯೂ ಶಾಖವಾಗಿ ಹೋಗುತ್ತದೆ. ಸಂಗೀತದ ಆಂಪ್ಲಿಫೈಯರನ್ನು ಈ ಲೆಕ್ಕದ ಮೇಲೆ ಯಾರೂ ಕಟ್ಟುವುದಿಲ್ಲ. ಅದರ ಒಳತಡೆಯನ್ನು ಸ್ಪೀಕರಿನ ತಡೆಗಿಂತ ಬಹಳ ಕಡಿಮೆ ಮಾಡುವುದೇ ಸಾಮಾನ್ಯ ಪದ್ಧತಿ.

ಇನ್ನು ಆ ಒಳತಡೆಯನ್ನು ಕಾಣುವುದು ಹೇಗೆ? ಪೆಟ್ಟಿಗೆಯನ್ನು ಬಿಚ್ಚಿ ಹುಡುಕಿದರೆ ಅಂಥ ಹೆಸರಿನ, ಅಷ್ಟು ಬೆಲೆಯ ಯಾವ ಬಿಡಿಭಾಗವೂ ಅದರಲ್ಲಿ ಸಿಕ್ಕುವುದಿಲ್ಲ. ಮಲ್ಟಿಮೀಟರಿನ ಓಮ್ ಸ್ಥಾನದಲ್ಲಿಟ್ಟು ತಿರುಪುಗಳಿಗೆ ಮುಟ್ಟಿಸಿದರೆ ಟ್ರಾನ್ಸ್‌ಫಾರ್ಮರಿನ ತಾಮ್ರದ ಸುರುಳಿಯ ರೋಧ ತೋರೀತೇ ಹೊರತು ನಮಗೆ ಬೇಕಾದದ್ದು ತೋರದು. ಇಲ್ಲಿ ನಮ್ಮ ಕೈಹಿಡಿಯುವವನು ಫ್ರಾನ್ಸ್ ದೇಶದ ತಂತಿ ಇಲಾಖೆಯ ಇಂಜಿನಿಯರ್ ಲಿಯೋ ಶಾರ್ಲ್ ತೆವನ್ಯಾ. ರೋಧಗಳೂ ವಿದ್ಯುತ್ ಮೂಲಗಳೂ ಎಷ್ಟೇ ಜಟಿಲವಾಗಿ ಹೆಣೆದುಕೊಂಡಿರಲಿ, ಹೊರಗೆ ಬಂದ ಎರಡು ತುದಿಗಳಿಂದ ನೋಡುವವನಿಗೆ ಆ ಜಾಲವೆಲ್ಲವೂ ಒಂದು ವೋಲ್ಟೇಜು ಮತ್ತು ಅದರೊಡನೆ ಸಾಲಾಗಿ ನಿಂತ ಒಂದು ರೋಧ, ಇಷ್ಟಕ್ಕೆ ಸಮ ಎಂದು ಅವನು 1883ರಲ್ಲಿ ಪ್ರಕಟಿಸಿದನು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದೇ ಮಾತನ್ನು 1853ರಲ್ಲಿಯೇ ಹೇಳಿದ್ದನು. ಆದರೆ ಹೆಸರು ತೆವನ್ಯಾನಿಗೆ ಅಂಟಿಕೊಂಡಿತು. ವಿಜ್ಞಾನದ ಚರಿತ್ರೆಯಲ್ಲಿ ಇದೇನೂ ಅಪರೂಪವಲ್ಲ.

ಈ ತತ್ತ್ವದಿಂದ ಪಠ್ಯಪುಸ್ತಕಗಳು ಒಂದು ಸುಲಭೋಪಾಯವನ್ನು ಹೇಳುತ್ತವೆ. ಹೊರೆಯಿಲ್ಲದೆ ವೋಲ್ಟೇಜನ್ನು ಅಳೆಯಿರಿ. ಬಳಿಕ ಬದಲಾಯಿಸಬಲ್ಲ ಒಂದು ರೋಧವನ್ನು ಕಟ್ಟಿ, ವೋಲ್ಟೇಜು ಸರಿಯಾಗಿ ಅರ್ಧಕ್ಕೆ ಇಳಿಯುವವರೆಗೆ ಅದನ್ನು ಕಡಿಮೆ ಮಾಡುತ್ತ ಬನ್ನಿ. ಅರ್ಧಕ್ಕೆ ಇಳಿದಾಗ ಹೊರಗಿನ ರೋಧ ಎಷ್ಟಿದೆಯೋ ಒಳತಡೆಯೂ ಅಷ್ಟೇ. ಮೈಕಿಗೋ ಹೆಡ್‌ಫೋನಿನ ತೂತಿಗೋ ಈ ಉಪಾಯ ಒಪ್ಪುತ್ತದೆ. ವಿದ್ಯಾರ್ಥಿದೆಸೆಯಲ್ಲಿ ನಾನು ಇದನ್ನು ಗೆಳೆಯನೊಬ್ಬನ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಮೇಲೆ ಪ್ರಯೋಗಿಸಿದೆ. ಹೊರೆಯನ್ನು 8 ಓಮಿಗೆ ತಂದೆ, 4ಕ್ಕೆ ತಂದೆ, 2ಕ್ಕೆ ತಂದೆ. ಮೀಟರಿನ ಮುಳ್ಳು ಕದಲಿದಂತೆಯೇ ಕಾಣಲಿಲ್ಲ. ಇನ್ನೂ ಇಳಿಸಿದೆ. ಆಗ ಸುಟ್ಟ ವಾಸನೆ ಬಂದಿತು. ಎರಡು 2ಎನ್3055 ಟ್ರಾನ್ಸಿಸ್ಟರುಗಳ ಬೆಲೆಯನ್ನು ನಾನು ಕಂತಿನಲ್ಲಿ ತೀರಿಸಿದೆ.

ತಪ್ಪು ನನ್ನದೇ. ಆ ಯಂತ್ರದ ಒಳತಡೆ ಒಂದು ಓಮಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ಇದ್ದಿರಬೇಕು. ವೋಲ್ಟೇಜು ಅರ್ಧವಾಗಬೇಕಾದರೆ ಹೊರೆಯೂ ಅಷ್ಟೇ ಕಡಿಮೆಯಾಗಬೇಕು. ಅಷ್ಟು ಪ್ರವಾಹವನ್ನು ಕೊಡುವ ಯೋಗ್ಯತೆ ಅದರ ಟ್ರಾನ್ಸಿಸ್ಟರುಗಳಿಗೆ ಇರಲಿಲ್ಲ. ಒಳತಡೆ ಕಡಿಮೆ ಎಂದರೆ ಬೇಕಾದಷ್ಟು ಪ್ರವಾಹವನ್ನು ಕೊಡಬಲ್ಲದು ಎಂದು ಅರ್ಥವಲ್ಲ. ಕೇಳಿದಾಗ ಮುಖ ಚಿಕ್ಕದು ಮಾಡದೆ ಕೊಡುವ ಗೃಹಸ್ಥನ ಪೆಟ್ಟಿಗೆಯಲ್ಲಿ ಹಣ ಎಷ್ಟಿದೆಯೆಂಬುದು ಬೇರೆಯೇ ಪ್ರಶ್ನೆ. ಅವನು ಕೊನೆಯ ಕಾಸಿನವರೆಗೂ ನಗುನಗುತ್ತ ಕೊಟ್ಟು, ಬಳಿಕ ಒಮ್ಮೆಗೇ ಕುಸಿಯುತ್ತಾನೆ.

ವಾಲ್ವ್ ಯಂತ್ರದ ಸ್ವಭಾವ ಇದಕ್ಕೆ ತಿರುಗುಮುರುಗು. ಟ್ರಾನ್ಸಿಸ್ಟರ್ ಯಂತ್ರಕ್ಕೆ ಹೊರೆಯಿಲ್ಲದಿದ್ದರೆ ಬಾಧೆಯಿಲ್ಲ, ತಂತಿಗಳು ಒಂದಕ್ಕೊಂದು ತಾಗಿದರೆ ಅಪಾಯ. ವಾಲ್ವ್ ಯಂತ್ರವಾದರೋ ತಂತಿಗಳು ಕ್ಷಣಕಾಲ ತಾಗಿದರೂ ಹೇಗೋ ಸಹಿಸೀತು. ಆದರೆ ಸ್ಪೀಕರನ್ನು ಕಟ್ಟದೆ ದೊಡ್ಡ ದನಿಯಲ್ಲಿ ನಡೆಸಿದರೆ ಟ್ರಾನ್ಸ್‌ಫಾರ್ಮರಿನ ಒಳಗೆ ವೋಲ್ಟೇಜು ಮಿತಿಮೀರಿ ಏರಿ, ಸುರುಳಿಯ ಹೊದಿಕೆಯೇ ಸೀಳಿಹೋಗಬಹುದು. ಹೀಗಾಗಿ ಹೊರೆಯನ್ನು ಪೂರ್ತಿಯಾಗಿ ಬಿಚ್ಚದೆ, ಪೂರ್ತಿಯಾಗಿ ಬೆಸೆಯದೆ, ಎರಡು ಸಾಧಾರಣ ಹೊರೆಗಳ ನಡುವಿನ ವ್ಯತ್ಯಾಸದಿಂದ ಒಳತಡೆಯನ್ನು ಕಂಡುಹಿಡಿಯುವುದೇ ಕ್ಷೇಮಕರವಾದ ಮಾರ್ಗ.

ಸಭೆಯ ಭವನಕ್ಕೆ ನಾನು ಒಯ್ದದ್ದು ನಾಲ್ಕೇ ವಸ್ತುಗಳು. 8 ಓಮಿನ ಎರಡು ದಪ್ಪ ರೆಸಿಸ್ಟರುಗಳು, ಒಂದು ಮಲ್ಟಿಮೀಟರ್, ಒಂದಿಷ್ಟು ತಂತಿ ಮತ್ತು ಒಂದೇ ಸ್ವರವನ್ನು ಬಿಡದೆ ನುಡಿಸುವ ಒಂದು ಮೂಲ. ಹಿಂದೆ ಈ ಕೊನೆಯದಕ್ಕಾಗಿ ಪ್ರಯೋಗಶಾಲೆಯ ಆಸಿಲೇಟರನ್ನು ಹೊತ್ತು ತರಬೇಕಾಗಿತ್ತು. ಇಂದು ಜೇಬಿನ ಮೊಬೈಲ್ ಫೋನೇ ಆ ಕೆಲಸವನ್ನು ಮಾಡುತ್ತದೆ. ಸ್ವರವನ್ನು ಸೆಕೆಂಡಿಗೆ 400 ಕಂಪನಗಳಿಗೆ ಇಟ್ಟುಕೊಂಡೆ. ಅಗ್ಗದ ಮಲ್ಟಿಮೀಟರುಗಳನ್ನು ಮನೆಯ ಕರೆಂಟಿನ 50 ಕಂಪನಗಳನ್ನು ಅಳೆಯುವುದಕ್ಕಾಗಿ ಮಾಡಿರುತ್ತಾರೆ. ಕೆಲವು ನೂರು ಕಂಪನಗಳಾಚೆಗೆ ಅವುಗಳ ಮಾತನ್ನು ನಂಬುವಂತಿಲ್ಲ.

ಸ್ಪೀಕರುಗಳನ್ನು ಬಿಚ್ಚಿ, ಅವುಗಳ ಸ್ಥಾನದಲ್ಲಿ ಎರಡು ರೆಸಿಸ್ಟರುಗಳನ್ನು ಸಾಲಾಗಿ ಕಟ್ಟಿದೆವು. ಈಗ ಹೊರೆ 16 ಓಮ್. ಆಂಪ್ಲಿಫೈಯರಿನ ತಿರುಪುಗಳ ಮೇಲೆಯೇ ಮೀಟರನ್ನಿಟ್ಟು ವಾಲ್ಯೂಮನ್ನು ಮೆಲ್ಲಗೆ ಏರಿಸಿದಾಗ 1.70 ವೋಲ್ಟು ಬಂದಿತು. ದನಿ ಇಷ್ಟು ಸಣ್ಣದಿದ್ದರೆ ಸಾಕು. ರೆಸಿಸ್ಟರು ಬಿಸಿಯಾಗಿ ತನ್ನ ಬೆಲೆಯನ್ನು ಬದಲಿಸುವ ಭಯವೂ ಇಲ್ಲ, ಯಂತ್ರಕ್ಕೆ ಆಯಾಸವೂ ಇಲ್ಲ. ಬಳಿಕ ವಾಲ್ಯೂಮನ್ನು ಕದಲಿಸದೆ, ಎರಡರಲ್ಲಿ ಒಂದು ರೆಸಿಸ್ಟರಿನ ಮೇಲೆ ತಂತಿಯೊಂದನ್ನು ಹಾಕಿ ಅದನ್ನು ಆಟದಿಂದ ಹೊರಗಿಟ್ಟೆ. ಈಗ ಹೊರೆ 8 ಓಮ್. ಮೀಟರು 0.99 ವೋಲ್ಟು ತೋರಿಸಿತು.

ಲೆಕ್ಕ ಬಾಯಲ್ಲಿಯೇ ಮಾಡುವಂಥದು. 1.70ನ್ನು 16ರಿಂದ ಭಾಗಿಸಿದರೆ ಮೊದಲನೆಯ ಪ್ರವಾಹ, ಸುಮಾರು 106 ಮಿಲಿಆಂಪಿಯರ್. 0.99ನ್ನು 8ರಿಂದ ಭಾಗಿಸಿದರೆ ಎರಡನೆಯದು, 124 ಮಿಲಿಆಂಪಿಯರ್. ಪ್ರವಾಹದ ಏರಿಕೆ 18 ಮಿಲಿಆಂಪಿಯರ್. ಅಷ್ಟು ಏರಿಕೆಗಾಗಿ ವೋಲ್ಟೇಜು ತೆತ್ತ ಇಳಿಕೆ 0.71 ವೋಲ್ಟು. ಇಳಿಕೆಯನ್ನು ಏರಿಕೆಯಿಂದ ಭಾಗಿಸಿದರೆ ಬರುವುದೇ ಒಳತಡೆ. ಅದು ಸುಮಾರು 40 ಓಮ್ ಬಂದಿತು.

ಹುಡುಗ ನನ್ನ ಕಾಗದವನ್ನು ಇಣುಕಿ ನೋಡಿದ. "ಎಂಟು ಅಂತ ಬರೆದಿದೆಯಲ್ಲ ಸಾರ್?" ಎಂದ. ನಾನೂ ಲೆಕ್ಕ ತಪ್ಪಿರಬಹುದೆಂದು ಮತ್ತೊಮ್ಮೆ ಅಳೆದೆ. ಅಂಕಿ ಅದೇ ಬಂದಿತು.

ಒಳತಡೆ 40 ಓಮ್ ಆದರೆ ಮೃದಂಗಕ್ಕೆ ಏನು ನಷ್ಟ? ಇದಕ್ಕೆ ಉತ್ತರ ಸ್ಪೀಕರಿನಲ್ಲಿದೆ. ಸ್ಪೀಕರಿನ ಮೇಲೆ 8 ಓಮ್ ಎಂದು ಬರೆದಿದ್ದರೂ ಅದು ಎಲ್ಲ ಸ್ವರಗಳಿಗೂ 8 ಓಮ್ ಆಗಿರುವುದಿಲ್ಲ. ಅದರ ಕಾಗದದ ಶಂಕುವಿಗೆ, ತಂತಿಯಲ್ಲಿ ತೂಗುವ ಗಂಟೆಗಿರುವಂತೆ, ತನ್ನದೇ ಆದ ಒಂದು ಸಹಜ ಕಂಪನವಿದೆ. ದೊಡ್ಡ ಸ್ಪೀಕರುಗಳಲ್ಲಿ ಅದು ಸಾಮಾನ್ಯವಾಗಿ 50ರಿಂದ 100 ಕಂಪನಗಳ ಆಸುಪಾಸಿನಲ್ಲಿರುತ್ತದೆ. ಆ ಒಂದು ತಾಣದಲ್ಲಿ ಸ್ಪೀಕರಿನ ತಡೆ 8 ಓಮಿನಿಂದ ಜಿಗಿದು 40, 50 ಓಮಿನವರೆಗೂ ಹೋಗುವುದುಂಟು. ಒಳತಡೆ 40 ಓಮಿನ ಯಂತ್ರ 8 ಓಮಿಗೆ ತನ್ನ ವೋಲ್ಟೇಜಿನ ಆರನೆಯ ಒಂದು ಪಾಲನ್ನು ಮಾತ್ರ ಕೊಡುತ್ತದೆ. ತಡೆ 48 ಓಮಾದಾಗ ಅರ್ಧಕ್ಕಿಂತ ಹೆಚ್ಚನ್ನು ಕೊಡುತ್ತದೆ. ಉಳಿದ ಸ್ವರಗಳಿಗಿಂತ ಆ ಒಂದು ಸ್ವರಕ್ಕೆ ಮೂರು ಪಟ್ಟಿಗೂ ಮೀರಿದ ವೋಲ್ಟೇಜು! ಮೃದಂಗದ ಎಡಮುಖದ ನಾದ ಬೀಳುವುದು ಇದೇ ನೆರೆಯಲ್ಲಿ. ಒಳತಡೆ 1 ಓಮ್ ಆಗಿದ್ದರೆ ಇದೇ ವ್ಯತ್ಯಾಸ ನೂರಕ್ಕೆ ಸುಮಾರು ಹತ್ತರಷ್ಟು ಮಾತ್ರ, ಕಿವಿಗೆ ಅದು ಗೊತ್ತೂ ಆಗುವುದಿಲ್ಲ. ಸಭೆಯವರು ಸ್ಪೀಕರನ್ನು ಎಷ್ಟು ಸಲ ಬದಲಿಸಿದರೂ ಪ್ರಯೋಜನವಾಗದೆ ಹೋದದ್ದೇಕೆಂದರೆ, ಪ್ರತಿಯೊಂದು ಸ್ಪೀಕರಿಗೂ ಅಂಥದೊಂದು ತಾಣ ಇದ್ದೇ ಇರುತ್ತದೆ.

ಇದಿಷ್ಟೇ ಅಲ್ಲ, ಇನ್ನೊಂದು ಕಾರಣವೂ ಇದೆ. ಅದನ್ನು ನೀವೇ ಪರೀಕ್ಷಿಸಬಹುದು. ಎಲ್ಲಿಗೂ ಕಟ್ಟಿರದ ದೊಡ್ಡದೊಂದು ಸ್ಪೀಕರಿನ ಶಂಕುವನ್ನು ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ. "ಡುಂ" ಎಂದು ಸ್ವಲ್ಪ ಎಳೆದ ನಾದ ಬರುತ್ತದೆ. ಈಗ ಅದರ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ ಮತ್ತೆ ತಟ್ಟಿ. "ಡಬ್" ಎಂದು ಒಡನೆಯೇ ನಿಲ್ಲುತ್ತದೆ. ಸ್ಪೀಕರಿನ ಸುರುಳಿ ಅಯಸ್ಕಾಂತದ ನಡುವೆ ಅಲುಗಿದಾಗ ಅದೂ ಒಂದು ಪುಟ್ಟ ಡೈನಮೋ. ಸೈಕಲ್ಲಿನ ಡೈನಮೋವಿನಿಂದ ದೀಪದ ತಂತಿಯನ್ನು ಕಿತ್ತರೆ ಪೆಡಲು ಹಗುರ, ದೀಪ ಉರಿದರೆ ಪೆಡಲು ಭಾರ. ಅದೇ ರೀತಿ, ಸ್ಪೀಕರು ತಾನೇ ಹುಟ್ಟಿಸಿದ ಪ್ರವಾಹಕ್ಕೆ ಹರಿಯಲು ದಾರಿ ಸಿಕ್ಕಿದರೆ ಆ ಪ್ರವಾಹವೇ ಶಂಕುವಿನ ಓಟಕ್ಕೆ ತಡೆಗಟ್ಟುತ್ತದೆ. ಆ ದಾರಿ ಯಾವುದೆಂದರೆ ಆಂಪ್ಲಿಫೈಯರಿನ ಒಳತಡೆ. ಅದು ಚಿಕ್ಕದಾಗಿದ್ದರೆ ಶಂಕು ಹೇಳಿದಲ್ಲಿ ನಿಲ್ಲುತ್ತದೆ. ದೊಡ್ಡದಾಗಿದ್ದರೆ ಮೃದಂಗದ ಕೈ ಎದ್ದ ಮೇಲೂ ತನ್ನ ಪಾಡಿಗೆ ತೂಗುತ್ತಿರುತ್ತದೆ. ಕಾರ್ಯದರ್ಶಿಗಳು ಖಾಲಿ ಹಂಡೆ ಎಂದದ್ದು ಇದನ್ನೇ.

ಹಾಗಾದರೆ ದಾನಿಗಳು ಕೊಟ್ಟದ್ದೇ ಕೆಟ್ಟ ಯಂತ್ರವೇ? ಹಾಗಲ್ಲ, ಮೊದಲು ಅದು ಚೆನ್ನಾಗಿಯೇ ಹಾಡುತ್ತಿತ್ತು. ಆಗ ನನಗೆ ಹುಡುಗನ ಮಾತು ನೆನಪಾಯಿತು. ರಿಪೇರಿಯಾದ ಮೇಲೆ ಬಲ ಹೆಚ್ಚಿದೆ, ಆರಕ್ಕೆ ಇಡುತ್ತಿದ್ದ ವಾಲ್ಯೂಮು ಎರಡಕ್ಕೇ ಸಾಕಾಗುತ್ತದೆ! ಆಂಪ್ಲಿಫೈಯರಿಗೆ ತಾನಾಗಿಯೇ ಬಲ ಬರುವುದು ಸಾಧ್ಯವಿಲ್ಲ. ಅದಕ್ಕೆ ಹಾಕಿದ್ದ ಕಡಿವಾಣವೇ ಕಳಚಿರಬೇಕು.

ಆ ಕಡಿವಾಣದ ಹೆಸರು ಫೀಡ್‌ಬ್ಯಾಕ್. ಮೈಕು ಸ್ಪೀಕರಿನ ಎದುರಿಗೆ ಬಂದಾಗ "ಕುಂಯ್" ಎಂದು ಅರಚುವುದನ್ನೂ ಇದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುವುದುಂಟು. ಅದು ಹೊರಬಂದ ದನಿ ಒಳಬರುವ ದನಿಗೆ ಕೂಡಿ ಕೆರಳುವ ಬಗೆ. ಇಲ್ಲಿ ಹೇಳುತ್ತಿರುವುದು ಕೂಡುವ ಬದಲು ಕಳೆಯುವ ಬಗೆ. ಇದನ್ನು ಕಂಡವನು ಅಮೆರಿಕದ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್. ದೂರದೂರುಗಳ ದೂರವಾಣಿ ಮಾತು ಹಲವಾರು ಆಂಪ್ಲಿಫೈಯರುಗಳನ್ನು ಹಾದುಬರುವಾಗ ವಿಕಾರಗೊಳ್ಳುತ್ತಿದ್ದ ಸಮಸ್ಯೆ ಅವನನ್ನು ವರ್ಷಗಟ್ಟಲೆ ಕಾಡಿತ್ತು. 1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತಿದ್ದಾಗ ಪರಿಹಾರ ಹೊಳೆಯಿತು. ಬರೆದಿಡಲು ಬೇರೆ ಕಾಗದವಿರಲಿಲ್ಲ. ಕೈಯಲ್ಲಿದ್ದ "ನ್ಯೂಯಾರ್ಕ್ ಟೈಮ್ಸ್" ಪತ್ರಿಕೆಯ ಪುಟದ ಮೇಲೆಯೇ ಚಿತ್ರವನ್ನೂ ಸಮೀಕರಣವನ್ನೂ ಬರೆದುಕೊಂಡನು. ಕಷ್ಟಪಟ್ಟು ಹೆಚ್ಚಿಸಿದ ದನಿಯ ಬಹುಪಾಲನ್ನು ಬೇಕೆಂದೇ ಕಳೆದುಕೊಳ್ಳುವ ಈ ವಿಚಿತ್ರ ಉಪಾಯವನ್ನು ಒಪ್ಪಲು ಜನರಿಗೆ ಕಾಲ ಹಿಡಿಯಿತು. ಅಮೆರಿಕದ ಪೇಟೆಂಟು ಅವನ ಕೈಸೇರಿದಾಗ 1937 ಮುಗಿಯುತ್ತ ಬಂದಿತ್ತು.

ಉಪಾಯ ಇಷ್ಟು. ಸ್ಪೀಕರಿಗೆ ಹೋಗುವ ವೋಲ್ಟೇಜಿನ ಒಂದು ಸಣ್ಣ ಪಾಲನ್ನು ತಂತಿಯ ಮೂಲಕ ಯಂತ್ರದ ಮೊದಲ ವಾಲ್ವಿಗೆ ಮರಳಿಸಿ, ಒಳಬರುವ ದನಿಯಿಂದ ಅದನ್ನು ಕಳೆಯುತ್ತಾರೆ. ಹೊರೆ ಹೆಚ್ಚಿ ಹೊರಗಿನ ವೋಲ್ಟೇಜು ಇಳಿಯಿತೆನ್ನಿ. ಮರಳಿ ಬರುವ ಪಾಲೂ ಇಳಿಯುತ್ತದೆ, ಕಳೆಯುವುದು ಕಡಿಮೆಯಾಗುತ್ತದೆ, ಆದುದರಿಂದ ಯಂತ್ರ ಮೊದಲಿಗಿಂತ ಬಲವಾಗಿ ತಳ್ಳಿ ವೋಲ್ಟೇಜನ್ನು ಬಹುಮಟ್ಟಿಗೆ ಹಿಂದಿನ ಮಟ್ಟಕ್ಕೇ ತರುತ್ತದೆ. ಹೊರಗಿನಿಂದ ನೋಡುವ ನಮಗೆ ಒಳತಡೆಯೇ ಕರಗಿಹೋದಂತೆ ಕಾಣುತ್ತದೆ. ವಾಲ್ವುಗಳಲ್ಲಿ ಪೆಂಟೋಡ್ ಎಂಬ ಜಾತಿಯವುಗಳ ಒಳತಡೆ ಹುಟ್ಟಿನಿಂದಲೇ ಬಹಳ ಹೆಚ್ಚು. ಸ್ಪೀಕರಿಗೆ ಅವು ಒಗ್ಗುವಂತಾಗುವುದು ಈ ಕಡಿವಾಣದಿಂದ. ಟ್ರಯೋಡ್ ಎಂಬ ಹಳೆಯ ಜಾತಿಯವು ಕಡಿವಾಣವಿಲ್ಲದೆಯೇ ಕೆಲವೇ ಓಮುಗಳಿಗೆ ನಿಲ್ಲುತ್ತವೆ. ಅಂಥವುಗಳ ತುಸು ದುಂಡಗಿನ ನಾದವನ್ನೇ ಮೆಚ್ಚಿ ಇಂದಿಗೂ ಹೆಚ್ಚು ಬೆಲೆ ತೆತ್ತು ಕೊಳ್ಳುವ ರಸಿಕರಿದ್ದಾರೆ. ಅವರೊಡನೆ ನನಗೆ ಜಗಳವಿಲ್ಲ.

ಯಂತ್ರದ ಪ್ಲಗ್ಗನ್ನು ಕಿತ್ತು ಸಾಕಷ್ಟು ಹೊತ್ತು ಬಿಟ್ಟು, ಕೆಪಾಸಿಟರುಗಳು ಖಾಲಿಯಾದುದನ್ನು ಮೀಟರಿನಿಂದ ಖಚಿತಪಡಿಸಿಕೊಂಡು, ತಳದ ತಗಡನ್ನು ತೆಗೆದೆವು. ಈ ಎಚ್ಚರವನ್ನು ನಾನು ಒತ್ತಿ ಹೇಳಬೇಕು. ವಾಲ್ವ್ ಯಂತ್ರದ ಒಳಗೆ ಕೆಲವು ನೂರು ವೋಲ್ಟುಗಳಿರುತ್ತವೆ. ಪ್ಲಗ್ಗು ಕಿತ್ತ ಮಾತ್ರಕ್ಕೆ ಅವು ಮಾಯವಾಗುವುದಿಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಬಳಿಯ ಪಟ್ಟಿಯನ್ನು ಹಿಂದಿನ ವರ್ಷ ಯಾರೋ ಹೊಸದಾಗಿ ಹಾಕಿದ್ದರು. ಅದರ ಅಂಚಿನಲ್ಲಿ ಒಂದು ರೆಸಿಸ್ಟರಿನ ಕಾಲು ಬೆಸುಗೆಯ ಗುಂಡಿಗೆ ಒರಗಿ ನಿಂತಿತ್ತು. ಅಂಟಿಕೊಂಡಂತೆ ಕಾಣುತ್ತಿತ್ತು, ಇಕ್ಕುಳದ ತುದಿಯಿಂದ ಮುಟ್ಟಿದರೆ ಅಲುಗಾಡಿತು. ಮೊದಲ ವಾಲ್ವಿಗೆ ದನಿಯನ್ನು ಮರಳಿಸುವ ದಾರಿ ಅದೇ. ಹುಡುಗ ಕಾಯಿಸಿದ ಕಡ್ಡಿಯನ್ನು ಹಿಡಿದು ತಾನೇ ಬೆಸೆದ.

ಮತ್ತೆ ಅಳೆದೆವು. 16 ಓಮಿಗೆ 1.70 ವೋಲ್ಟು ಬರುವಂತೆ ವಾಲ್ಯೂಮನ್ನು ಇಟ್ಟು, 8 ಓಮಿಗೆ ಇಳಿಸಿದಾಗ 1.61 ವೋಲ್ಟು. ಇಳಿಕೆ 0.09 ವೋಲ್ಟು, ಪ್ರವಾಹದ ಏರಿಕೆ 95 ಮಿಲಿಆಂಪಿಯರ್. ಒಳತಡೆ ಹೆಚ್ಚುಕಡಿಮೆ 1 ಓಮ್. ಈ ಸಲ ಲೆಕ್ಕ ಮಾಡಿದವನೂ ಹುಡುಗನೇ.

ಈ ವಿಧಾನದ ಮಿತಿಯನ್ನೂ ಹೇಳದೆ ಬಿಡಬಾರದು. ಇಂದಿನ ಒಳ್ಳೆಯ ಟ್ರಾನ್ಸಿಸ್ಟರ್ ಯಂತ್ರದ ಒಳತಡೆ 0.05 ಓಮ್ ಇರಬಹುದು. ಹೊರೆಯಿಲ್ಲದೆ 1 ವೋಲ್ಟು ಕೊಡುತ್ತಿದ್ದುದು 8 ಓಮಿನ ಹೊರೆ ಬಿದ್ದಾಗ 0.994 ವೋಲ್ಟಿಗೆ ಇಳಿದೀತು. ಸಾಧಾರಣ ಮೀಟರಿನಲ್ಲಿ ಇದು ಕೊನೆಯ ಅಂಕಿಗಳ ತೊಳಲಾಟದಲ್ಲಿಯೇ ಮುಳುಗಿಹೋಗುತ್ತದೆ. ಇಕ್ಕಳ ಕಚ್ಚಿದ ಜಾಗದ ಕಿಲುಬಿನ ರೋಧವೇ ಅದಕ್ಕಿಂತ ಹೆಚ್ಚಿರಬಹುದು. ಅಂಥ ಯಂತ್ರಕ್ಕೆ ಪ್ರಶ್ನೆಯನ್ನು ಹಿಂದಿನಿಂದ ಕೇಳಬೇಕು. ಅದಕ್ಕೆ ಯಾವ ದನಿಯನ್ನೂ ಕೊಡದೆ ಒಳದಾರಿಯನ್ನು ಮುಚ್ಚಿ, ಇನ್ನೊಂದು ಆಂಪ್ಲಿಫೈಯರಿನಿಂದ 8 ವೋಲ್ಟನ್ನು 8 ಓಮಿನ ದೊಡ್ಡ ರೆಸಿಸ್ಟರಿನ ಮೂಲಕ ಅದರ ಹೊರತುದಿಗೆ ತಳ್ಳಬೇಕು. ರೆಸಿಸ್ಟರು 8 ವಾಟ್ ಶಾಖವನ್ನು ತಾಳುವಂಥದಾಗಿರಬೇಕು. ಎರಡು ಯಂತ್ರಗಳ ಔಟ್‌ಪುಟ್ಟಿನ ಒಂದೊಂದು ತುದಿ ಅವುಗಳ ಸಮಾನ ನೆಲಕ್ಕೆ ಸೇರಿರಬೇಕು. ಹೀಗೆ ತಳ್ಳಿದ ಪ್ರವಾಹ ಸುಮಾರು 1 ಆಂಪಿಯರ್. ಪರೀಕ್ಷೆಗೊಳಗಾದ ಯಂತ್ರದ ತಿರುಪುಗಳ ಮೇಲೆಯೇ ಮೀಟರಿಟ್ಟಾಗ 50 ಮಿಲಿವೋಲ್ಟು ಕಂಡರೆ ಒಳತಡೆ 0.05 ಓಮ್. ಹೆಚ್ಚಿನ ಲೆಕ್ಕವೇ ಬೇಕಿಲ್ಲ. ಎತ್ತರದ ಸ್ವರಗಳಲ್ಲಿ ಒಳತಡೆ ಸಾಮಾನ್ಯವಾಗಿ ಏರುವುದರಿಂದ ಹಲವು ಸ್ವರಗಳಲ್ಲಿ ಅಳೆಯುವುದು ಒಳ್ಳೆಯದು. ಆದರೆ ಅದಕ್ಕೆ ಉತ್ತಮವಾದ ಮೀಟರು ಬೇಕು.

ಅಂಗಡಿಯ ಕರಪತ್ರಗಳಲ್ಲಿ "ಡ್ಯಾಂಪಿಂಗ್ ಫ್ಯಾಕ್ಟರ್ 500" ಎಂಬಂಥ ಜಂಬದ ಮಾತುಗಳನ್ನು ಓದಿರುತ್ತೀರಿ. ಸ್ಪೀಕರಿನ 8 ಓಮನ್ನು ಯಂತ್ರದ ಒಳತಡೆಯಿಂದ ಭಾಗಿಸಿದ ಅಂಕಿ ಅದು. ನಮ್ಮ ಸಭೆಯ ಯಂತ್ರದ್ದು ಬೆಸುಗೆಗೆ ಮೊದಲು 0.2 ಇದ್ದದ್ದು ಆಮೇಲೆ 8 ಆಯಿತು. ಕಿವಿಗೆ ಅಷ್ಟು ಸಾಕು. ಅದಕ್ಕಿಂತ ಮೇಲೆ ಹೋದಷ್ಟೂ ಲಾಭ ಕಡಿಮೆ. ಏಕೆಂದರೆ ಸ್ಪೀಕರಿನ ಸುರುಳಿಯ ತಾಮ್ರದ ರೋಧವೇ 6 ಓಮಿನಷ್ಟಿರುತ್ತದೆ. ಆ ಪ್ರವಾಹ ಸುತ್ತುವ ದಾರಿಯಲ್ಲಿ ಅದೂ ಕುಳಿತಿದೆ. 6ಕ್ಕೆ 0.1ನ್ನು ಕೂಡಿಸಿದರೇನು, 0.01ನ್ನು ಕೂಡಿಸಿದರೇನು? ಹತ್ತು ಮೀಟರು ದೂರಕ್ಕೆ ಒಂದು ಚದರ ಮಿಲಿಮೀಟರಿನ ತಂತಿ ಎಳೆದರೆ, ಹೋಗುವ ಬರುವ ದಾರಿ ಸೇರಿ, ತಂತಿಯ ರೋಧವೇ 0.34 ಓಮ್ ಆಗುತ್ತದೆ. ಆ ಹಣದಲ್ಲಿ ದಪ್ಪ ತಂತಿಯನ್ನು ಕೊಳ್ಳುವುದು ಮೇಲು.

ರಾಮೋತ್ಸವದ ಮೊದಲನೆಯ ದಿನ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಸಭೆಯವರು ಹೊಸ ಸ್ಪೀಕರುಗಳನ್ನು ಬದಿಗಿಟ್ಟು, ಮೂಲೆ ಸೇರಿದ್ದ ಮೊದಲಿನವನ್ನೇ ಹಾಕಿದ್ದರು. ತನಿ ಆವರ್ತನದಲ್ಲಿ ಮೃದಂಗದ ಪ್ರತಿಯೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಕಚೇರಿ ಮುಗಿದ ಮೇಲೆ ಕಾರ್ಯದರ್ಶಿಗಳು ನನ್ನನ್ನು ಪಕ್ಕಕ್ಕೆ ಕರೆದು ಮೆಲುದನಿಯಲ್ಲಿ ಹೇಳಿದರು: "ನಾದ ಚೆನ್ನಾಗಿದೆ ಮೇಷ್ಟ್ರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಕೈ ಬಿದ್ದ ಮೇಲೆ ಬಲ ಕಡಿಮೆಯಾಯಿತು ನೋಡಿ. ವಾಲ್ಯೂಮ್ ಮತ್ತೆ ಆರಕ್ಕೆ ಇಡಬೇಕಾಯಿತು."